ಒಂದು 'ಇ' ತಪ್ಪಿದ್ದಕ್ಕೆ

ನಾರಾಯಣಪೇಟೆಯ ಮಲ್ಲಣ್ಣನ ಮನೆಯಲ್ಲಿ ಇಂಗ್ಲಿಷ್ ಬರೆಯುವ ಕೆಲಸ ಸೊಸೆ ಪದ್ಮಶ್ರೀಯದು. ಮಲ್ಲಣ್ಣ ಹಿತ್ತಲಲ್ಲಿ ಒಲೆ ಹೂಡಿ ಸೀರೆಯ ನೂಲಿಗೆ ಬಣ್ಣ ಹಾಕುವವನು. ಅವರ ಸೀರೆ ಕೊಳ್ಳುವ ಝಾನ್ಸಿಯ ಅಂಗಡಿ ಗದ್ವಾಲದಲ್ಲಿ. ಝಾನ್ಸಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಪದ್ಮಶ್ರೀಗೆ ತೆಲುಗಿನದೂ ಅದೇ ಕಥೆ. ಹಾಗಾಗಿ ವಾಟ್ಸಾಪಿನಲ್ಲಿ ಇಬ್ಬರ ನಡುವೆ ಇಂಗ್ಲಿಷ್ ಓಡಾಡುತ್ತಿತ್ತು. ಪದ್ಮಶ್ರೀಗೆ ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು.

ಆ ದಿನ ಕೆಂಪು ಸೀರೆ ಎಲ್ಲಿಗೆ ಬಂತೆಂದು ಝಾನ್ಸಿ ಕೇಳಿದಳು. 'ಮಾವ ಬೆಳಗಿನಿಂದ ಬಣ್ಣ ಹಾಕುತ್ತಿದ್ದಾರೆ, ಎಲ್ಲಾ ಕೆಂಪಾಗಿದೆ, ದಯವಿಟ್ಟು ಕಾಯಿರಿ' ಎಂಬುದನ್ನು ಪದ್ಮಶ್ರೀ ಚಕಚಕನೆ ಇಂಗ್ಲಿಷಿನಲ್ಲಿ ಒತ್ತಿ ಕಳಿಸಿ, ಫೋನು ಚಾರ್ಜಿಗೆ ಹಾಕಿ ರೊಟ್ಟಿ ಬಡಿಯಲು ಕೂತಳು.

ಮಧ್ಯಾಹ್ನ ಬಾಗಿಲಲ್ಲಿ ಆಟೋ ನಿಂತಿತು. ದೊಡ್ಡ ಹೂವಿನ ಹಾರ ಹಿಡಿದು ಝಾನ್ಸಿ ಇಳಿದಳು. ಹಿಂದೆಯೇ ಇಳಿದವನು ಮಕ್ತಲ್‌ನ ಚಂದ್ರಕಾಂತ, ಮಾವನ ತಮ್ಮ. ಪದ್ಮಶ್ರೀಯ ಮದುವೆಯಲ್ಲಿ ಅಣ್ಣ ಹಾಕಿದ ಕೆಂಪು ಬಣ್ಣವನ್ನು ಬೀಗರೆದುರು 'ಮಾಸಿದ ಇಟ್ಟಂಗಿ' ಎಂದಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಈಗ ಝಾನ್ಸಿ ದಾರಿಯಲ್ಲಿ ಸುದ್ದಿ ಹೇಳಿ ಕರೆತಂದಿದ್ದಳು.

"ಎಲ್ಲಿ ಅದಾನವ್ವ ನಮ್ಮಣ್ಣ?" ಚಂದ್ರಕಾಂತನ ದನಿ ಒಡೆದಿತ್ತು.

"ಹಿತ್ತಲದಾಗ ಅದಾರ್ರಿ ಸಣ್ಣ ಮಾವ. ಬರ್ರಿ, ನೀರು ಕುಡೀರಿ."

"ಹಿತ್ತಲದಾಗ! ಮನಿಯೊಳಗ ಮಲಗಸಾಕ ಜಾಗ ಇದ್ದಿಲ್ಲೇನು?"

"ಅವರಿಗೆ ಅಲ್ಲೇ ಅನುಕೂಲರಿ. ಹೊಗಿ ಒಳಗ ಬರಬಾರದಲ್ಲ."

ಹೊಗೆ ಎಂದದ್ದೇ ತಡ, ಚಂದ್ರಕಾಂತ ಕಟ್ಟೆಯ ಮೇಲೆ ಕುಸಿದ. "ಮುಖ ನೋಡಾಕನೂ ಬಿಡಲಿಲ್ಲಲ್ಲ! ಅಣ್ಣಾ, ನಿನ್ನಂಥ ಕೆಂಪು ಈ ಸೀಮ್ಯಾಗ ಯಾರಿಗೂ ಬಂದಿಲ್ಲ. ಹೊಟ್ಟಿಕಿಚ್ಚಿಗೆ ಅಂದೆ ನಾ!"

ಪದ್ಮಶ್ರೀಗೆ ತಲೆಬುಡ ತಿಳಿಯಲಿಲ್ಲ. ಝಾನ್ಸಿ ಕಣ್ಣೊರೆಸುತ್ತ ತನ್ನ ಫೋನು ಚಾಚಿದಳು. ಪದ್ಮಶ್ರೀ ತಾನು ಬೆಳಿಗ್ಗೆ ಕಳಿಸಿದ್ದನ್ನೇ ಮತ್ತೆ ಓದಿದಳು. ಬಣ್ಣ ಹಾಕುವುದಕ್ಕೂ ಸಾಯುವುದಕ್ಕೂ ಇಂಗ್ಲಿಷಿನಲ್ಲಿ ಉಚ್ಚಾರ ಒಂದೇ: ಡೈಯಿಂಗ್. ಬಣ್ಣದ್ದಕ್ಕೆ ನಡುವೆ ಒಂದು 'ಇ' ಅಕ್ಷರ ಹೆಚ್ಚು ಬೇಕು. ಆಕೆ ಅದನ್ನು ಬಿಟ್ಟಿದ್ದಳು. ಮಾವ ಬೆಳಗಿನಿಂದ ಸಾಯುತ್ತಿದ್ದಾರೆ, ಎಲ್ಲಾ ಕೆಂಪಾಗಿದೆ, ದಯವಿಟ್ಟು ಕಾಯಿರಿ!

ಹಿತ್ತಲಿಗೆ ಓಡಿದಳು. ಮೊಳಕೈವರೆಗೆ ಕೆಂಪಾಗಿದ್ದ ಮಲ್ಲಣ್ಣ ಬಾಗಿಲ ಸಂದಿಗೆ ಕಿವಿ ಹಚ್ಚಿ ನಿಂತಿದ್ದ.

"ಮಾವ, ಲಗೂನ ಹೊರಗ ಬರ್ರಿ!"

"ಸುಮ್ನಿರವ್ವ," ಮಲ್ಲಣ್ಣ ಪಿಸುಗುಟ್ಟಿದ. "ಇನ್ನೂ ಹೇಳಾಕತ್ತಾನ."

ಪದ್ಮಶ್ರೀ ಬಿಡಲಿಲ್ಲ, ತೋಳು ಹಿಡಿದು ಎಳೆತಂದಳು. ಆ ಕೆಂಪು ಕೈ ಕಂಡು ಝಾನ್ಸಿ ಕಿಟಾರನೆ ಕಿರುಚಿದಳು. ಚಂದ್ರಕಾಂತ ಅಣ್ಣನನ್ನು ಅಡಿಯಿಂದ ಮುಡಿವರೆಗೆ ನೋಡಿದ. ಮುಖದಲ್ಲಿ ಮೊದಲು ನಗೆ ಬಂತು, ಆಮೇಲೆ ಸಿಟ್ಟು.

"ನಿಂತು ಕೇಳಾಕತ್ತಿದ್ದೇನು?"

"ಹೊಟ್ಟಿಕಿಚ್ಚು ಅಂದಿದ್ದೂ ಕೇಳಿದೆ."

"ಸತ್ತವರ ಮುಂದ ಆಡಿದ ಮಾತು ಅದು. ನೀ ಬದುಕೀದಿ, ವಾಪಸ್ ತಗೊಂಡೆ!"

ಪದ್ಮಶ್ರೀ ಒಂದೇ ಉಸಿರಿಗೆ ತನ್ನ ತಪ್ಪು ಒಪ್ಪಿಕೊಂಡಳು. ಝಾನ್ಸಿ ಪಾಪ, ಹಾರ ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ ನಿಂತಿದ್ದಳು. ಮಲ್ಲಣ್ಣ ಕತ್ತು ಬಗ್ಗಿಸಿದ. "ತಂದೀದಿ, ಹಾಕವ್ವ. ಆಮ್ಯಾಲ ಹಾಕಿದ್ರ ನನಗೇನು ಗೊತ್ತಾಗ್ತೈತಿ?"

ಹಾರ ಹಾಕಿಕೊಂಡೇ ಆತ ಊಟಕ್ಕೆ ಕೂತ. ಚಂದ್ರಕಾಂತನೂ ಮುಖ ತಿರುಗಿಸಿಯೇ ಪಕ್ಕದಲ್ಲಿ ಕೂತ. ಪದ್ಮಶ್ರೀ ನಾಚಿಕೆಯಿಂದ ತಲೆಯೆತ್ತದೆ ಬಡಿಸಿದಳು. ಎಷ್ಟು ತೊಳೆದರೂ ಬಣ್ಣ ಬಿಡದ ಕೈಯಿಂದ ರೊಟ್ಟಿ ಮುಟ್ಟಲು ಮಲ್ಲಣ್ಣ ಹಿಂದೆಮುಂದೆ ನೋಡುವುದನ್ನು ಕಂಡು, ಚಂದ್ರಕಾಂತ ಗೊಣಗುತ್ತ ತಾನೇ ಮುರಿದು, ಪಲ್ಯದಲ್ಲಿ ಅದ್ದಿ ಅಣ್ಣನ ಬಾಯಿಗಿಟ್ಟ.