ಉಳಿಸಿದ ನೀರು

ಮೂವತ್ತೆರಡು ವರ್ಷ ನಾನು ಮನೆಮನೆಯ ನೀರಿನ ಮೀಟರ್ ಓದಿದವನು. ಗೇಟಿನ ಪಕ್ಕದ ಗುಂಡಿಯ ಮುಚ್ಚಳ ಎತ್ತಿ, ಮಂಡಿಯೂರಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ ಅಂಕಿ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಮನೆಯವರು ಬಾಗಿಲಲ್ಲಿ ನಿಂತು "ನಾವು ನೀರೇ ಬಳಸಲ್ಲ ಸಾರ್" ಎನ್ನುತ್ತಿರುವಾಗಲೂ ಗಾಜಿನ ಕೆಳಗೆ ಪುಟ್ಟ ಚಕ್ರ ಗಿರಗಿರನೆ ತಿರುಗುತ್ತಿರುತ್ತಿತ್ತು. ಅದನ್ನೇ ನೋಡಿ ನೋಡಿ ಸವೆದ ಕಣ್ಣಿಗೆ, ನಿವೃತ್ತಿಯಾದ ಮೇಲೆ, ಚರಂಡಿಗೆ ಇಳಿಯುವ ಪ್ರತಿ ಹನಿಯೂ ಯಾರೋ ಕೈ ಬಿಟ್ಟ ಮಗುವಿನಂತೆ ಕಾಣತೊಡಗಿತು.

ನಮ್ಮದು ಊರಿನ ಅಂಚಿನ ಬಡಾವಣೆ. ಅಣ್ಣ ಮತ್ತು ನಾನು ಅಕ್ಕಪಕ್ಕದ ನಿವೇಶನಗಳಲ್ಲಿ ಒಂದೇ ನಕ್ಷೆಯ ಎರಡು ಮನೆ ಕಟ್ಟಿಸಿದ್ದೆವು. ನಡುವೆ ಎದೆಯೆತ್ತರದ ಒಂದು ಗೋಡೆ. ಅಣ್ಣ ಹೋಗಿ ಆರು ವರ್ಷವಾಯಿತು. ಆಚೆಮನೆಯಲ್ಲಿ ಅತ್ತಿಗೆ ಒಬ್ಬರೇ ಇದ್ದಾರೆ.

ಮನೆಯಲ್ಲಿ ನನ್ನ ಶಿಸ್ತು ದಿನೇ ದಿನೇ ಬಿಗಿಯಾಯಿತು. ತರಕಾರಿ ತೊಳೆದ ನೀರು ಕುಂಡಗಳಿಗೆ, ಸಿಪ್ಪೆಯೆಲ್ಲ ಗೊಬ್ಬರದ ಡ್ರಮ್ಮಿಗೆ. ಅಂಗಡಿಗೆ ಹೊರಟರೆ ಹೆಗಲಿಗೆ ಬಟ್ಟೆ ಚೀಲ, ಕೆಳಗೆ ಸೈಕಲ್ಲು. ಸ್ನಾನಕ್ಕೆ ಒಂದೇ ಬಕೆಟ್ಟು, ಅದೂ ಕಂಠಮಟ್ಟಕ್ಕಿಲ್ಲ. "ಬೇಸಗೇಲಿ ಸೈಕಲ್ ತುಳೀತೀರಲ್ಲ ರೀ, ಆ ಬೆವರಿಗೂ ಒಂದು ಬಟ್ಟಲು ಇಟ್ಕೊಳ್ಳಿ" ಎಂದು ನನ್ನವಳು ಅನ್ನುತ್ತಿದ್ದಳು. ಅತ್ತಿಗೆಯಂತೂ ನನಗೆ ಮೀಟರಪ್ಪ ಎಂದೇ ಹೆಸರಿಟ್ಟಿದ್ದರು. "ಮೀಟರಪ್ಪಾ, ನಿನ್ನೆ ಎರಡು ಸಲ ಮುಖ ತೊಳ್ಕೊಂಡೆ. ಬರ್ಕೋ" ಎಂದು ಗೋಡೆಯ ಮೇಲಿಂದ ಕೂಗುತ್ತಿದ್ದರು.

ಆ ಗೋಡೆಗೆ ತಾಗಿ, ಅವರ ಅಂಗಳದಲ್ಲಿ, ಬೆಣ್ಣೆಹಣ್ಣಿನ ಮರವೊಂದಿತ್ತು. ತಿಂದು ಉಳಿದ ಬೀಜವನ್ನು ಅಣ್ಣನೇ ನೆಟ್ಟು ಬೆಳೆಸಿದ್ದು. ಹದಿನೆಂಟು ವರ್ಷದಲ್ಲಿ ಅದು ಸೂರನ್ನೂ ಮೀರಿ ಬೆಳೆದು, ಅವರ ಪಶ್ಚಿಮದ ಕೋಣೆಗೆ ಇಡೀ ಮಧ್ಯಾಹ್ನ ಕೊಡೆ ಹಿಡಿಯುತ್ತಿತ್ತು. ಅಣ್ಣ ಶಾಲಾ ಮೇಷ್ಟ್ರು. ಸಂಜೆ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದ. ಅತ್ತಿಗೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಗೋಡೆಯ ಈಚೆ ನಾನು ಕಲ್ಲಿನ ಮೇಲೆ ಕುಳಿತು ಕೇಳುತ್ತಿದ್ದೆ. ಅರ್ಥವಾದದ್ದು ಕಡಿಮೆ. ಆದರೆ ಸಾಲು ಮುಗಿದು ಮುಂದಿನ ಸಾಲು ಏಳುವ ಮೊದಲು ಒಂದು ಕ್ಷಣದ ಮೌನ ಬರುತ್ತಿತ್ತಲ್ಲ, ಆಗ ಎಲೆಗಳ ಸದ್ದು ಕೇಳುತ್ತಿತ್ತು. ಅಣ್ಣ ಹೋದ ಮೇಲೆ ಅತ್ತಿಗೆ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದರು. ಎಲೆಗಳ ಸದ್ದೊಂದು ಉಳಿದಿತ್ತು.

ನಮ್ಮ ಬೋರಿನ ನೀರು ಗಡಸು. ಗೀಸರಿನೊಳಗೆ ಬಿಳಿ ಕಲ್ಲು ಕಟ್ಟುತ್ತದೆ, ಬಟ್ಟೆ ರಟ್ಟಿನಂತೆ ಒಣಗುತ್ತದೆ. ನನ್ನವಳ ಕಾಟ ತಾಳದೆ ನೀರನ್ನು ಮೆದು ಮಾಡುವ ಯಂತ್ರವೊಂದನ್ನು ಹಾಕಿಸಿದೆ. ಅದರ ಪಕ್ಕದ ತೊಟ್ಟಿಗೆ ತಿಂಗಳಿಗೊಂದು ಮೂಟೆ ಉಪ್ಪು ಸುರಿಯಬೇಕು. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಅದು ಗುರುಗುಟ್ಟಿಕೊಂಡು ತನ್ನನ್ನು ತಾನೇ ತೊಳೆದುಕೊಂಡು, ತೊಳೆದ ನೀರನ್ನು ಒಂದು ಕೊಳವೆಯಿಂದ ಚರಂಡಿಗೆ ಬಿಡುತ್ತಿತ್ತು. ಒಂದು ದಿನ ಕೊಳವೆಯ ಬಾಯಿಗೆ ಬಕೆಟ್ ಹಿಡಿದೆ. ಒಂದಾದ ಮೇಲೊಂದು, ಹತ್ತು ಬಕೆಟ್ ತುಂಬಿತು. ನೋಡಿದರೆ ಕನ್ನಡಿಯಂಥ ತಿಳಿನೀರು.

ಆ ದಿನ ಊಟ ಸೇರಲಿಲ್ಲ. ಮರುದಿನವೇ ಗೋಡೆಯ ಬುಡದಲ್ಲಿ ತೂತು ಕೊರೆದು, ಕೊಳವೆಯನ್ನು ಮರದ ಪಾತಿಗೆ ಬಿಟ್ಟೆ.

"ಏನೋ ಇದು?" ಎಂದರು ಅತ್ತಿಗೆ.

"ನಮ್ಮ ಮನೇಲಿ ಉಳಿದ ನೀರು ಅತ್ತಿಗೆ. ಸುಮ್ನೆ ಚರಂಡಿಗೆ ಹೋಗ್ತಿತ್ತು."

"ಅಣ್ಣ ನೆಟ್ಟಿದ್ದಕ್ಕೆ ತಮ್ಮ ನೀರು ಹಾಕೋದು. ಇನ್ನೇನು ಬೇಕು" ಎಂದು ಅವರು ಒಳಗೆ ಹೋಗಿ, ಎರಡು ಬೆಣ್ಣೆಹಣ್ಣು ತಂದು ಗೋಡೆಯ ಮೇಲಿಟ್ಟರು.

ಬಡಾವಣೆಯವರಿಗೆಲ್ಲ ಆ ಕೊಳವೆಯನ್ನು ತೋರಿಸಿದೆ. ನಾಲ್ಕಾರು ಜನ ಫೋಟೋ ತೆಗೆದುಕೊಂಡರು. ನಾನು ಮರದ ಕಾಂಡಕ್ಕೆ ಕೈಯೂರಿ ನಿಂತಿದ್ದೆ.

ಬೇಸಗೆಯ ನಡುವಿಗೆ ಎಲೆಗಳ ತುದಿ ಕಂದಿತು. ಕಂದು ಬಣ್ಣ ತುದಿಯಿಂದ ಅಂಚಿಗೆ, ಅಂಚಿನಿಂದ ಒಳಕ್ಕೆ ಹರಿಯಿತು. ಯಾರೋ ಒಂದೊಂದೇ ಎಲೆಯನ್ನು ದೀಪಕ್ಕೆ ಹಿಡಿದು ಸುಟ್ಟಂತಿತ್ತು. ಅತ್ತಿಗೆ ದಿನಾ ಗುಡಿಸಿದಷ್ಟೂ ಎಲೆ ಬೀಳುತ್ತಿತ್ತು.

"ಯಾಕೋ ಹೀಗಾಗ್ತಿದೆ?" ಎಂದು ನನ್ನನ್ನೇ ಕೇಳಿದರು. ಅಂಥ ಪ್ರಶ್ನೆಗೆಲ್ಲ ಬಡಾವಣೆಯಲ್ಲಿ ಉತ್ತರ ಹೇಳುವವನು ನಾನೇ ಆಗಿದ್ದೆ.

ನಾನು ಅತ್ತ ಇತ್ತ ನೋಡಿದೆ. ಅತ್ತಿಗೆ ಪಾತ್ರೆ ತೊಳೆದ ನೀರನ್ನು ತಂದು ಮರದ ಬುಡಕ್ಕೆ ಸುರಿಯುವ ಪದ್ಧತಿಯಿತ್ತು. ಮರ ನೆಟ್ಟಂದಿನಿಂದಲೂ ಇತ್ತು.

"ಸೋಪಿನ ನೀರು ಬೇರಿಗೆ ವಿಷ ಅತ್ತಿಗೆ" ಎಂದೆ. "ಇಷ್ಟು ವರ್ಷ ತಡ್ಕೊಂಡಿದೆ. ಇನ್ನು ತಡ್ಕೊಳ್ಳಲ್ಲ."

ಅವರ ಕೈಯಲ್ಲಿ ಆಗಲೂ ಬೋಗುಣಿಯಿತ್ತು. ಅದನ್ನು ಒಮ್ಮೆ ನೋಡಿ, ತಿರುಗಿ ಹೋಗಿ, ಬಚ್ಚಲಿಗೆ ಚೆಲ್ಲಿ ಬಂದರು. "ನಂಗೆ ಗೊತ್ತಿರಲಿಲ್ಲ ಕಣಪ್ಪ" ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನು ನಾನು. ಅಷ್ಟಕ್ಕೇ ನಿಲ್ಲಲಿಲ್ಲ. ಮರಕ್ಕೆ ನೀರು ಸಾಲದು ಎಂದುಕೊಂಡು ಯಂತ್ರದ ಗುಂಡಿ ತಿರುಗಿಸಿ, ನಾಲ್ಕು ದಿನಕ್ಕೊಮ್ಮೆ ತೊಳೆದುಕೊಳ್ಳುತ್ತಿದ್ದುದನ್ನು ಎರಡು ದಿನಕ್ಕೊಮ್ಮೆ ಮಾಡಿದೆ.

ಮಳೆಗಾಲದ ಮೊದಲಲ್ಲಿ ಯಂತ್ರದ ಮೆಕ್ಯಾನಿಕ್ ವರ್ಷದ ಸರ್ವಿಸಿಗೆ ಬಂದ. ಒಳ್ಳೆಯ ಮಾತುಗಾರ.

"ಸಾರ್, ಉಪ್ಪು ಇಷ್ಟು ಬೇಗ ಖಾಲಿ ಆಗ್ತಿದೆಯಲ್ಲ. ಯಂತ್ರಕ್ಕೆ ಹಾಕ್ತೀರೋ, ಉಪ್ಪಿನಕಾಯಿಗೆ ಹಾಕ್ತೀರೋ?" ಎಂದು ನಕ್ಕ. ಆಮೇಲೆ, "ಚರಂಡಿ ಪೈಪ್ ಎಲ್ಲಿ?"

"ಮರಕ್ಕೆ ಬಿಟ್ಟಿದೀನಿ."

ಅವನ ನಗು ನಿಂತಿತು. ಸ್ಪ್ಯಾನರ್ ಕೆಳಗಿಟ್ಟು, ಗೋಡೆಯ ಮೇಲಿಂದ ಇಣುಕಿ ಮರ ನೋಡಿದ. ಬಂದು ಯಂತ್ರ ಚಾಲೂ ಮಾಡಿ, ಕೊಳವೆಯನ್ನು ಬಿಚ್ಚಿ ನನ್ನ ಕಡೆ ಹಿಡಿದ. "ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿ ಸಾರ್."

ಬಾಯಿ ಕಹಿಯಾಗುವಷ್ಟು ಉಪ್ಪು.

"ನೀರಿನ ಗಡಸನ್ನ ಇದು ಹಿಡ್ಕೊಳ್ಳುತ್ತೆ. ಹಿಡಿದು ಹಿಡಿದು ಹೊಟ್ಟೆ ತುಂಬಿದಾಗ ಉಪ್ಪುನೀರಲ್ಲಿ ತೊಳ್ಕೊಳ್ಳುತ್ತೆ. ನೀವು ಸುರಿದ ಉಪ್ಪೆಲ್ಲ ಹೊರಗೆ ಹೋಗೋದು ಇದರಲ್ಲೇ. ಬೇರೆ ಎಲ್ಲಿ ಹೋಗುತ್ತೆ ಅಂದ್ಕೊಂಡಿದ್ರಿ?"

ಅದನ್ನು ನಾನು ಅಂದುಕೊಂಡೇ ಇರಲಿಲ್ಲ. ಮೂಟೆಯ ಬಾಯಿ ಬಿಚ್ಚಿ ಸುರಿದದ್ದು ನನ್ನದೇ ಕೈ. ಜೀವಮಾನವಿಡೀ ನೀರು ಎಷ್ಟು ಎಂದು ನೋಡಿದೆ. ಎಂಥ ನೀರು ಎಂದು ಒಮ್ಮೆಯೂ ಕೇಳಲಿಲ್ಲ. ಮೀಟರಿಗೆ ಅದು ಗೊತ್ತಾಗುವುದಿಲ್ಲ.

"ಉಳಿಯುತ್ತಾ?" ಎಂದೆ.

"ಚಿಗುರು ಇನ್ನೂ ಹಸಿರಿದೆ. ಯಂತ್ರಕ್ಕೆ ಹೋಗೋ ಮುಂಚಿನ ನಲ್ಲಿಯಿಂದ ನೀರು ಬಿಟ್ಟು ಮಣ್ಣನ್ನ ಚೆನ್ನಾಗಿ ತೊಳೀರಿ. ಬಕೆಟ್ ಲೆಕ್ಕದಲ್ಲಲ್ಲ ಸಾರ್. ಹಗಲೆಲ್ಲಾ ಪೈಪ್ ಬಿಟ್ಟು, ಒಂದು ವಾರ. ಉಪ್ಪು ಬೇರು ದಾಟಿ ಕೆಳಗೆ ಹೋಗಬೇಕು. ನಮ್ಮ ಕಾಕನ ತೋಟದಲ್ಲಿ ಹಾಗೇ ಉಳಿಸಿದ್ರು."

ಒಂದು ವಾರ ಹಗಲೆಲ್ಲಾ ಅತ್ತಿಗೆಯ ಅಂಗಳದಲ್ಲಿ ಪೈಪ್ ಹರಿಯಬೇಕು. ಹಾಗೆ ಹರಿಸಿದರೆ ಅವರು ಯಾಕೆ ಎಂದು ಕೇಳುತ್ತಾರೆ. ಹನಿ ನೀರಿಗಾಗಿ ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಹೊಳೆ ಹರಿಸುತ್ತಿದ್ದಾನೆ ಎಂದು ಬಡಾವಣೆಯೂ ಕೇಳುತ್ತದೆ. ಆ ಸಂಜೆ ಕೊಳವೆ ತೆಗೆದು, ತೂತಿಗೆ ಸಿಮೆಂಟು ಮೆತ್ತಿದೆ.

"ಪೈಪ್ ಯಾಕೆ ತೆಗೆದೆ?" ಅತ್ತಿಗೆ ಗೋಡೆಯ ಆಚೆಯಿಂದ ಕೇಳಿದರು.

"ಕಟ್ಕೊಂಡಿತ್ತು ಅತ್ತಿಗೆ."

ನನ್ನವಳು ಅಡುಗೆಮನೆಯ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಾರೆ. ನೀವು ಮರಕ್ಕೆ ತಿನ್ನಿಸಿದೀರ. ಈಗ ಅದಕ್ಕೆ ಕುಡಿಸೋಕೆ ಹಿಂದೆಮುಂದೆ ನೋಡ್ತಿದೀರ" ಎಂದಳು. "ಹೋಗಿ ಹೇಳಿಬಿಡಿ. ಅಕ್ಕ ಬೈದರೆ ಬೈತಾರೆ."

"ನಾಳೆ ಹೇಳ್ತೀನಿ."

ದಿನಾ ದೀಪ ಹಚ್ಚಿ ಕೈ ಮುಗಿದಾಗಲೂ ನಾಳೆ ಎಂದೇ ಹೇಳಿಕೊಂಡೆ. ಅತ್ತಿಗೆ ಅಂಗಡಿಗೆ ಹೋದ ಹೊತ್ತು ನೋಡಿ ಎರಡು ಬಕೆಟ್, ಮೂರು ಬಕೆಟ್ ಕಳ್ಳತನದಲ್ಲಿ ಹಾಕಿ ಬರುತ್ತಿದ್ದೆ. ಮಳೆಯಾದರೂ ತೊಳೆದೀತು ಎಂದು ಆಕಾಶ ನೋಡಿದೆ. ಆ ವರ್ಷ ಮಳೆ ಬಂದಂತೆ ಮಾಡಿ ಹೋಯಿತು. ಮೂರು ತಿಂಗಳಲ್ಲಿ ಚಿಗುರೂ ಕಪ್ಪಾಯಿತು.

ಒಂದು ಬೆಳಿಗ್ಗೆ ಅತ್ತಿಗೆ ಅಂಗಳದಲ್ಲಿ, ಬೇರೆ ಊರಿನಲ್ಲಿರುವ ಮಗಳೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಈಚೆ ಗೊಬ್ಬರದ ಡ್ರಮ್ಮು ಕಲಕುತ್ತಿದ್ದೆ.

"ಇಲ್ಲ ಕಣೇ, ರೋಗ ಅಲ್ಲ. ನಾನೇ. ಪಾತ್ರೆ ತೊಳೆದ ನೀರು ಹಾಕಿ ಹಾಕಿ... ಚಿಕ್ಕಪ್ಪ ಹೇಳಿದ. ಅವನಿಗೆ ಇವೆಲ್ಲ ಗೊತ್ತಲ್ಲ. ನಿಮ್ಮಪ್ಪ ಇದ್ದಾಗಲೂ ಹಾಕ್ತಿದ್ದೆ, ಅವರೂ ಏನೂ ಅನ್ನಲಿಲ್ಲ. ನಾನೇ ಕೈಯಾರೆ ಕೊಂದೆ ಅದನ್ನ."

ಕಲಕುವ ಕೋಲು ಡ್ರಮ್ಮಿನಲ್ಲೇ ನಿಂತಿತು. ಗೋಡೆ ಎದೆಯೆತ್ತರದ್ದು. ತಲೆ ಎತ್ತಿದರೆ ಸಾಕಿತ್ತು. ನಾನು ಬಗ್ಗಿದವನು ಬಗ್ಗಿಯೇ ಇದ್ದೆ.

ಮರ ಕಡಿಯುವವರು ಬಂದು ಒಂದೇ ದಿನದಲ್ಲಿ ಮುಗಿಸಿದರು. ಅತ್ತಿಗೆ ಕುರ್ಚಿಯನ್ನು ಒಳಗಿಟ್ಟರು. ಮಾರನೆಯ ತಿಂಗಳು ನಾನು ಹೊಸ ಸಸಿಯೊಂದನ್ನು ತಂದು, "ಇದೇ ಜಾತಿದು ಅತ್ತಿಗೆ" ಎಂದು ಅದೇ ಜಾಗದಲ್ಲಿ ನೆಟ್ಟೆ. ಇಪ್ಪತ್ತು ದಿನದಲ್ಲಿ ಅದರ ತುದಿಯೂ ಕಂದಿತು. "ನನ್ನ ಅಂಗಳಕ್ಕೇ ಆಗಿ ಬರ್ತಿಲ್ಲ ಬಿಡು" ಎಂದರು ಅತ್ತಿಗೆ.

ಮುಂದಿನ ಬೇಸಗೆ ಬಂತು. ಪಶ್ಚಿಮದ ಕೋಣೆಯ ಗೋಡೆ ಸಂಜೆಯಾದರೂ ಕೈ ಇಡಲಾಗದಷ್ಟು ಕಾಯುತ್ತಿತ್ತು. ಅತ್ತಿಗೆಗೆ ಎರಡು ಸಲ ತಲೆ ಸುತ್ತಿತು. ಮಗಳು ಹಟ ಹಿಡಿದು ಎಸಿ ಹಾಕಿಸಿದಳು. ಹಾಕಿದವರು ಹೋದ ಮೇಲೆ ಅತ್ತಿಗೆ ಗೋಡೆಯ ಬಳಿ ಬಂದು ನಿಂತರು. ನಾನು ಕುಂಡಗಳಿಗೆ ನೀರು ಹಾಕುತ್ತಿದ್ದೆ.

"ಬೈಬೇಡ ಕಣೋ ಮೀಟರಪ್ಪ" ಎಂದರು. ಅವರು ಹಾಗೆ ಕರೆದು ಎಷ್ಟೋ ದಿನವಾಗಿತ್ತು. "ನೀನು ಕರೆಂಟು, ಗಾಳಿ ಅಂತೆಲ್ಲ ಹೇಳ್ತಿರ್ತೀಯ. ನಂಗೂ ಇಷ್ಟ ಇಲ್ಲ ಇದು. ಮರ ಇದ್ದಿದ್ರೆ ಬೇಕಾಗ್ತಿರಲಿಲ್ಲ. ನಾನೇ ಮಾಡ್ಕೊಂಡಿದ್ದು. ಏನು ಮಾಡ್ಲಿ, ತಡೆಯೋಕಾಗ್ತಿಲ್ಲ."

ತಪ್ಪು ಮಾಡಿದವನ ಮುಂದೆ ಅವರು ಕ್ಷಮೆ ಕೇಳುತ್ತಿದ್ದರು. ಕೈಯಲ್ಲಿದ್ದ ಚೊಂಬನ್ನು ಗೋಡೆಯ ಮೇಲಿಟ್ಟೆ.

"ನೀವಲ್ಲ ಅತ್ತಿಗೆ. ನನ್ನ ಪೈಪು."

ಎಲ್ಲವನ್ನೂ ಹೇಳಿದೆ. ಉಪ್ಪಿನ ಮೂಟೆ, ಎರಡು ದಿನಕ್ಕೊಮ್ಮೆ ತಿರುಗಿಸಿದ ಗುಂಡಿ, ಮೆಕ್ಯಾನಿಕ್ ಹೇಳಿದ ಒಂದು ವಾರದ ನೀರು, ನಾನು ಕದ್ದು ಹಾಕಿದ ಎರಡು ಮೂರು ಬಕೆಟ್ಟು. ಅವರು ಹಿಂದೆ ಪದ್ಯ ಕೇಳುವಾಗಿನಂತೆಯೇ ಕಣ್ಣು ಮುಚ್ಚಿ ನಿಂತಿದ್ದರು.

"ಯಾವತ್ತು ಗೊತ್ತಾಯ್ತು ನಿಂಗೆ?" ಎಂದು ಕೇಳಿದರು.

"ಹೋದ ಮಳೆಗಾಲದ ಮೊದಲಲ್ಲಿ."

"ಆಗ ಚಿಗುರಿತ್ತು."

"ಇತ್ತು."

"ಹತ್ತು ತಿಂಗಳು" ಎಂದರು. "ಹತ್ತು ತಿಂಗಳಿಂದ ನಾನು ಪಾತ್ರೆ ತೊಳೆಯೋಕೆ ನಿಂತಾಗೆಲ್ಲ ನಿಮ್ಮಣ್ಣನ ಹತ್ರ ತಪ್ಪಾಯ್ತು ಅಂತಿದ್ದೆ." ಅಷ್ಟು ಹೇಳಿ ಒಳಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದೂ ಜೋರಾಗಿರಲಿಲ್ಲ.

ಒಂದು ವಾರ ಗೋಡೆಯ ಆಚೆ ಮಾತಿರಲಿಲ್ಲ. ನನ್ನವಳು ಹೋಗಿ ಬಂದಳು. "ಏನಂದ್ರು?" ಎಂದರೆ, "ನಿಮ್ಮ ಬಗ್ಗೆ ಏನೂ ಅನ್ನಲಿಲ್ಲ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಎಂಟನೆಯ ಬೆಳಿಗ್ಗೆ ಗೋಡೆಯ ಮೇಲೆ ಒಂದು ಬಕೆಟ್ ಇತ್ತು. ಮುಕ್ಕಾಲು ನೀರು. ಆಚೆ ಅತ್ತಿಗೆ ನಿಂತಿದ್ದರು.

"ಎಸಿಯಿಂದ ತೊಟ್ಟಿಕ್ಕುತ್ತೆ" ಎಂದರು, ನನ್ನ ಮುಖ ನೋಡದೆ. "ಆ ಮೆಕ್ಯಾನಿಕ್ಕು, ಮಣ್ಣು ತೊಳೀಬೇಕು ಅಂದ್ನಲ್ಲ. ಇಷ್ಟಿಷ್ಟೇ ಹಾಕಿದ್ರೆ, ಇನ್ನೊಂದು ಸಸಿ ಹಿಡಿಯೋ ಹಾಗಾಗೋಕೆ ಎಷ್ಟು ದಿನ ಬೇಕು?"

"ಮಳೆ ಚೆನ್ನಾಗಿ ಬಂದರೂ ಎರಡು ಮೂರು ವರ್ಷ ಬೇಕೇನೋ ಅತ್ತಿಗೆ. ನಮ್ಮ ನಲ್ಲಿಯಿಂದ ಪೈಪ್ ಬಿಡ್ತೀನಿ, ಬೇಗ—"

"ಅದು ಆವಾಗ ಬಿಡಬೇಕಿತ್ತು." ಬಕೆಟ್ಟನ್ನು ನನ್ನ ಕಡೆ ಸರಿಸಿದರು. "ನಂಗೆ ಈಗ ಎಪ್ಪತ್ತೊಂದು. ಇರಲಿ. ದಿನಾ ಇಲ್ಲಿ ಇಟ್ಟಿರ್ತೀನಿ, ಬಂದು ನೀನೇ ಹಾಕು. ಬೇರಿಗೆ ನೀರು ಹಾಕೋಕೆ ನಂಗೆ ಈಗ ಭಯ ಆಗುತ್ತೆ."

ಮೀಟರಪ್ಪ ಎನ್ನಲಿಲ್ಲ. ಈಗಲೂ ಅನ್ನುವುದಿಲ್ಲ.

ದಿನಾ ಬೆಳಿಗ್ಗೆ ಬಕೆಟ್ ತೆಗೆದುಕೊಂಡು, ಗೇಟು ಸುತ್ತಿ, ಅವರ ಅಂಗಳಕ್ಕೆ ಹೋಗುತ್ತೇನೆ. ಕಾಂಡ ಕಡಿದ ಮೋಟು ಬೂದಿಯ ಬಣ್ಣಕ್ಕೆ ತಿರುಗಿದೆ. ಅದರ ಸುತ್ತ, ಒಂದೇ ಕಡೆ ಬೀಳದಂತೆ, ನಿಧಾನವಾಗಿ ಸುರಿಯುತ್ತೇನೆ. ಸುರಿಯುವ ಮುಂಚೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತೇನೆ. ಏನೂ ರುಚಿಯಿರುವುದಿಲ್ಲ. ಆದರೂ ಮಾರನೆಯ ದಿನ ಮತ್ತೆ ನೋಡುತ್ತೇನೆ.