ಒಂದು ಚಾಪೆಯಷ್ಟು ನೆರಳು

ಚಿಲಕಕ್ಕೆ ಕೈಹಾಕಿದ್ದ ಪುಟ್ಟಿಯ ರಟ್ಟೆಯನ್ನು ಸೋದರತ್ತೆ ಮರಿತಾಯಮ್ಮ ಗಬಕ್ಕನೆ ಹಿಡಿದೆಳೆದಳು.

"ಏನಮ್ಮಿ, ಬುದ್ಧಿಗಿದ್ದಿ ಕೆಟ್ಟದಾ? ಹೆಣ ಇನ್ನೂ ಬೀದೀಲಿ ಅದ. ಒಳಗಿರೋಳು ಹಸಿ ಬಾಣಂತಿ. ಸಾವಿನ ಗಾಳಿ ಸೋಕುದ್ರೆ ತಾಯಿಗೂ ಒಳ್ಳೇದಲ್ಲ, ಕೂಸಿಗೂ ಒಳ್ಳೇದಲ್ಲ."

"ಒಳಗೆ ಬೇಯ್ತಾವ್ರೆ ಕಣತ್ತೆ. ಕರೆಂಟೂ ಇಲ್ಲ."

"ನಾವೇನು ಹೆತ್ತಿಲ್ವಾ? ಬಾಣಂತಿ ಬೆಚ್ಚಗಿರ್ಬೇಕು. ನಿಮ್ಮ ಮಾವ ರಂಗನಾಯಕ ಪುಣಜನೂರಿಂದ ಒಂಟವ್ನೆ. ತವರಿನ ಸೀರೆ ಹೊದಿಸಿ ಹೆಣ ಎತ್ಬುಡ್ಲಿ, ಆಮೇಲೆ ನೀನೇ ತೆಗೆವಂತೆ."

ಸತ್ತವಳು ಪುಟ್ಟಿಯ ಅವ್ವ, ಚಿಕ್ಕಮಾದಮ್ಮ. ಒಳಗಿದ್ದವಳು ಅಕ್ಕ ಬಿಂದುಶ್ರೀ, ಬಾಣಂತನಕ್ಕೆ ಬಂದವಳು. ಅವಳ ಮಗ್ಗುಲಲ್ಲಿ ಇನ್ನೂ ಹೆಸರಿಡದ ಗಂಡುಕೂಸು. ಗುಂಡ್ಲುಪೇಟೆಯ ಹೆದ್ದಾರಿ ಬದಿಯ ಆ ಸಾಲಿನಲ್ಲಿ ಎಲ್ಲ ಮನೆಗೂ ಶೀಟಿನ ಸೂರು. ಬೆಳಗಿನ ಹಿಟ್ಟು ಉಣ್ಣುವ ಹೊತ್ತಿಗೇ ಶೀಟು ಟಪ್ ಟಪ್ಪೆಂದು ಸದ್ದು ಮಾಡಿಕೊಂಡು ಕಾಯಲು ಶುರುವಾಗುತ್ತಿತ್ತು.

ಹೆಣವನ್ನು ಹೊಂಗೆಮರದ ಕೆಳಗೆ ಚಾಪೆ ಹಾಸಿ ಮಲಗಿಸಿದ್ದರು. ರೋಡು ಅಗಲವಾದಾಗ ಸಾಲುಮರಗಳೆಲ್ಲ ಹೋಗಿ, ಮೋರಿ ತಿರುವಿನಲ್ಲಿದ್ದ ಅದೊಂದು ಹೇಗೋ ಬಚಾವಾಗಿತ್ತು. ಕರೆಂಟಿನ ವೈರಿಗೆ ತಾಗುತ್ತದೆಂದು ಅದರ ಕೊಂಬೆಗಳನ್ನೂ ಸವರಿ ಹಾಕಿದ್ದರು. ಹಾಗಾಗಿ ನೆರಳೆಲ್ಲ ಹೆಣಕ್ಕೇ ಸರಿಹೋಗಿ, ಬಂದವರು ತಲೆಗೆ ಟವಲು, ಸೆರಗು ಹಾಕಿಕೊಂಡು ಗೋಡೆಗೆ ಅಂಟಿ ನಿಂತಿದ್ದರು.

"ಹಾರ್ಟಂತೆ."

"ನಿನ್ನೆ ಬೆಳಿಗ್ಗೆ ಮಂಡೀಲಿ ನನ್ ಜೊತೇಲೇ ಕುಂತು ಈರುಳ್ಳಿ ಆರಿಸ್ತಿದ್ಲಲ್ಲ!"

"ಪುಣ್ಯವಂತೆ ಬುಡು. ಮಲಗ್ಲಿಲ್ಲ, ಯಾರ್ ಕೈಲೂ ಮಾಡಿಸ್ಕಳ್ಲಿಲ್ಲ."

ಪುಣ್ಯವಂತೆಯಂತೆ! ಅವ್ವ ಸತ್ತದ್ದು ನಿನ್ನೆ ಮಧ್ಯಾಹ್ನ, ಬಾಣಂತಿಯ ಇದೇ ಕೋಣೆಯಲ್ಲಿ, ಕೂಸಿಗೆ ಗಾಳಿ ಬೀಸುತ್ತ ಬೀಸುತ್ತಲೇ ಗೋಡೆಗೆ ಒರಗಿ. ಮುಟ್ಟಿದರೆ ಮೈ ಕೆಂಡ. ಒಂದು ತೊಟ್ಟು ಬೆವರಿರಲಿಲ್ಲ. ಈಗ ಹಾರ್ಟು ಅನ್ನುವವರು ಯಾರೂ ಆಗ ಆ ಮೈ ಮುಟ್ಟಿರಲಿಲ್ಲ.

*

ಯುಗಾದಿಗೆ ಮುಂಚೆ ವಾರ್ಡಿನ ಸಭೆಗೆ ಒಬ್ಬ ಆಫೀಸರಮ್ಮ ಬಂದಿದ್ದಳು. "ಇನ್ನು ವರ್ಷ ವರ್ಷಾನೂ ಬಿಸಿಲು ಹೆಚ್ತಾನೇ ಹೋಗುತ್ತೆ. ಮಧ್ಯಾಹ್ನ ಹೊರಗೆ ಬರಬೇಡಿ, ಮನೆಯೊಳಗೇ ಇರಿ" ಎಂದಳು.

ಚಿಕ್ಕಮಾದಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು. "ಮನೆಯಿಂದ ಎಲ್ಗೆ ಓಗದು ಅಂತ ಏಳಿ ತಾಯಿ. ಬೀದಿಗಿಂತ ನಮ್ಮ ಒಳಗೇ ಜಾಸ್ತಿ ಸುಡ್ತದ."

ಕೂತವರೆಲ್ಲ ಗೊಳ್ಳೆಂದರು. ಆಫೀಸರಮ್ಮ ನಗಲಿಲ್ಲ. "ಶೀಟಿನ ಮೇಲೆ ಸುಣ್ಣ ಬಳೀರಿ, ಕಾವು ಸ್ವಲ್ಪ ತಗ್ಗುತ್ತೆ. ಮಳೆ ಬೀಳಲಿ, ಬೀದಿಗೆ ಗಿಡ ಕೊಡ್ತೀವಿ."

"ಗಿಡ ಮರ ಆಗಗಂಟ ನಾವು ಇರ್ಬೇಕಲ್ಲವ್ವಾ" ಎಂದಳು ಚಿಕ್ಕಮಾದಮ್ಮ. ಮತ್ತೆ ನಗು.

ಸುಣ್ಣವೇನೋ ಬಂತು. ಅಳಿಯ ಶಶಿಕುಮಾರ ಏಣಿಯನ್ನೂ ತಂದ. ಅಷ್ಟರಲ್ಲಿ ಬಿಂದುಶ್ರೀಗೆ ಹೆರಿಗೆಯಾಯಿತು. "ಬಾಣಂತಿ ತಲೆ ಮೇಲೆ ದಡಬಡ ಬ್ಯಾಡ, ನಾಮಕರಣ ಕಳೀಲಿ" ಎಂದಳು ಮರಿತಾಯಮ್ಮ. ಚಿಕ್ಕಮಾದಮ್ಮನೂ ಹೂಂ ಎಂದಳು. ಸಭೆಯಲ್ಲಿ ಅಷ್ಟು ಮಾತಾಡಿದವಳೇ ಶೀತವಾದೀತೆಂದು ತನ್ನ ಕೈಯಾರೆ ಕೋಣೆಯ ಕಿಟಕಿಗೆ ಗೋಣಿತಾಟು ಹೊಡೆದಳು. ತನ್ನ ಬಾಣಂತನದಲ್ಲಿ ಅವಳ ಅವ್ವನೂ ಹಾಗೇ ಮಾಡಿದ್ದಳು. ಆದರೆ ಆ ಮನೆಗೆ ಹುಲ್ಲಿನ ಸೂರಿತ್ತು.

*

ಬೆಳಗಿನಿಂದ ಕಿರ್ರೋ ಎನ್ನುತ್ತಿದ್ದ ಕೂಸು ಸುಮ್ಮನಾಗಿತ್ತು.

"ನಿದ್ದೆ ಬಂತು, ಸದ್ಯ" ಎಂದಳು ಮರಿತಾಯಮ್ಮ.

ಅವ್ವನೂ ನಿನ್ನೆ ಸುಮ್ಮನೇ ಆಗಿದ್ದಳು. ರಂಗನಾಯಕನ ಫೋನು ಬಂತು. ಬಸ್ಸು ಇನ್ನೂ ಚಾಮರಾಜನಗರ ಬಿಟ್ಟಿಲ್ಲವಂತೆ. ಪುಟ್ಟಿ ಬಾಗಿಲಿಗೆ ಕಿವಿಯಿಟ್ಟಳು. ಒಳಗಿಂದ ಅಕ್ಕನ ದನಿ, ಯಾರಿಗೋ ಹೆದರಿದವಳ ಹಾಗೆ ಸಣ್ಣಗೆ ಬಂತು.

"ಪುಟ್ಟೀ... ಕೂಸು ಮೊಲೆಗೆ ಬಾಯಿ ಹಾಕ್ತಿಲ್ಲ ಕಣಮ್ಮಿ. ಕಣ್ಣೂ ಬುಡ್ತಿಲ್ಲ."

ಪುಟ್ಟಿ ಚಿಲಕ ಕಿತ್ತೆಳೆದಳು. ಒಲೆಯ ಬಾಯಿಂದ ಬಂದ ಹಾಗೆ ಝಳ ಮುಖಕ್ಕೆ ಹೊಡೆಯಿತು. ಕುಲಾವಿ, ಪಂಚೆ, ಕಂಬಳಿ ಎಲ್ಲ ಸುತ್ತಿದ್ದ ಕೂಸನ್ನು ಬಾಚಿಕೊಂಡು ಹೊರಗೋಡಿದಳು. ಹಿಂದೆಯೇ ಬಿಂದುಶ್ರೀ, ಗೋಡೆ ಹಿಡಿದು. "ಆಟೋ ತತ್ತೀನಿ" ಎಂದು ಶಶಿಕುಮಾರ ರೋಡಿಗೆ ಓಡಿದ.

ಎಲ್ಲಿಗೆ ಒಯ್ಯುವುದು? ಪಕ್ಕದ ಮನೆಗೂ ಶೀಟು, ಅದರಾಚೆಗೂ ಶೀಟು. ಇಡೀ ಬೀದಿಗೆ ನೆರಳೆಂದರೆ ಒಂದು ಚಾಪೆಯಷ್ಟು, ಅಲ್ಲಿ ಅವ್ವ ಮಲಗಿದ್ದಳು. ಪುಟ್ಟಿ ನೇರ ಅಲ್ಲಿಗೇ ಹೋಗಿ ಮಂಡಿಯೂರಿದಳು.

"ಅಯ್ಯೋ, ಹೆಣದ ಮಗ್ಗುಲಿಗೆ ಕೂಸ ತತ್ತಾವಳಲ್ಲಪ್ಪೋ!" ಹೆಂಗಸರು ಕೂಗಿಕೊಂಡರು. ಹೆಣದ ಮುಂದೆ ಬಡಿಯುತ್ತಿದ್ದ ತಮಟೆ ನಿಂತಿತು.

ಮರಿತಾಯಮ್ಮ ಕೂಸನ್ನು ಕಿತ್ತುಕೊಳ್ಳಲು ಬಂದಳು. ಅವಳ ಕೈ ಕೂಸಿನ ಅಂಗಾಲಿಗೆ ತಾಗಿತು. ಕೈ ಅಲ್ಲೇ ನಿಂತಿತು.

"ಇದ್ಯಾಕಮ್ಮಿ ಹಿಂಗೆ ಸುಡ್ತದ?"

"ನಿನ್ನೆ ಅವ್ವನೂ ಹಿಂಗೇ ಸುಡ್ತಿದ್ಲು ಕಣತ್ತೆ."

ಕುಲಾವಿಯನ್ನು ಮರಿತಾಯಮ್ಮನೇ ಕಿತ್ತೆಸೆದಳು, ಕಂಬಳಿಯನ್ನೂ ಎಸೆದಳು. ಕೊಡದ ನೀರಿಗೆ ತನ್ನ ಸೆರಗನ್ನು ಅದ್ದಿದಳು. ಕೂಸನ್ನು ಮಲಗಿಸಲು ಜಾಗ ನೋಡಿದಳು. ಜಾಗವಿರಲಿಲ್ಲ.

"ಏನ್ಲಾ ನಿಂತ್ಕಂಡು ನೋಡ್ತಿದ್ದರಿ? ಚಾಪೆ ಆ ತುದಿ ಹಿಡೀರ್ಲಾ!"

"ಎಲ್ಲಿಗವ್ವಾ? ಇನ್ನೂ ತವರಿನೋರು ಬಂದಿಲ್ಲ."

"ಬಿಸ್ಲಿಗೆ!" ಅವಳ ದನಿ ಒಡೆದುಹೋಯಿತು. "ಅವಳ್ಗೆ ಇನ್ನೇನಾದದ್ಲಾ, ಎಳೀರಿ!"

ನಾಲ್ಕು ಗಂಡಸರು ಚಾಪೆಯ ಮೂಲೆ ಹಿಡಿದು ಎಳೆದರು. ಚಿಕ್ಕಮಾದಮ್ಮನ ಮುಖದ ಮೇಲೆ ನಡುಹಗಲ ಬಿಸಿಲು ಬಿತ್ತು. ಎದೆಯ ಮೇಲಿನ ಚೆಂಡುಹೂವು ಕಣ್ಣೆದುರೇ ಬಾಡತೊಡಗಿತು. ಅವಳು ಮಲಗಿದ್ದ ನೆಲ ತಣ್ಣಗಿತ್ತು. ಪುಟ್ಟಿ ಕೂಸನ್ನು ಅಲ್ಲಿ ಅಂಗಾತ ಮಲಗಿಸಿದಳು. ಮರಿತಾಯಮ್ಮ ಒದ್ದೆ ಸೆರಗಿನಿಂದ ಅದರ ಮೈ ಒರೆಸತೊಡಗಿದಳು. ಯಾರೂ ಅಳುತ್ತಿರಲಿಲ್ಲ. ಹೆಣಕ್ಕೆ ಬೆನ್ನು ಮಾಡಿ ಎಲ್ಲರೂ ಬಗ್ಗಿ ಆ ಸಣ್ಣ ಬಾಯನ್ನೇ ನೋಡುತ್ತಿದ್ದರು.