ಹನ್ನೊಂದು ಮೆಟ್ಟಿಲು

ಕಯಾಕಿನ ತಳ ಕಲ್ಲಿಗೆ ಉಜ್ಜಿ ಕರ್ರೆಂದಿತು. ಹಿಂದಿನ ಸೀಟಿನಲ್ಲಿದ್ದ ಇಂದು ಹುಟ್ಟನ್ನು ನೀರಿಗೆ ಇಳಿಬಿಟ್ಟು ನೋಡಿದಳು. ಒಂದು ಗೇಣು ಇಳಿಯುವುದರೊಳಗೆ ಜಲ್ಲಿ ತಾಗಿತು. ಹಿಂದಕ್ಕೆ ನೂಕಲು ನೋಡಿದರೆ ದೋಣಿ ಒಮ್ಮೆ ವಾಲಿ, ಕೆಸರಿನಲ್ಲಿ ಇನ್ನಷ್ಟು ಭದ್ರವಾಗಿ ಕೂತುಕೊಂಡಿತು.

ಮುಂದಿನ ಸೀಟಿನಲ್ಲಿದ್ದ ವಿಶಾಲಾಕ್ಷಿಯವರು ತಿರುಗಿ ನೋಡದೆಯೇ, "ಬಂದ್ವಾಮ್ಮಾ?" ಎಂದರು.

"ಹೂಂನ್ರಿ... ಇಲ್ಲೇ ಸ್ವಲ್ಪ ನಿಂದ್ರೋಣ್ರಿ," ಎಂದಳು ಇಂದು.

ನಾಲ್ಕು ಮಾರು ಮುಂದಿದ್ದ ಹಳದಿ ಕಯಾಕೂ ನಿಂತಿತ್ತು. ಅದರಲ್ಲಿ ವಿಶಾಲಾಕ್ಷಿಯವರ ಗಂಡ ಡಾಕ್ಟರ್ ನರಸಿಂಹಮೂರ್ತಿ, ಅವರ ಮುಂದೆ ಹನ್ನೊಂದು ವರ್ಷದ ಮೊಮ್ಮಗಳು ಧೃತಿ. ಎಡಗಡೆ ಥೇಮ್ಸ್ ನದಿಯ ಐಸಲ್‌ವರ್ತ್ ನಡುಗಡ್ಡೆಯ ಮರಗಳು ನೀರಿನತ್ತ ಬಾಗಿದ್ದವು. ಅದರ ಅಂಚಿನ ಕೆಸರಿನಲ್ಲಿ ಬೂದು ಬಣ್ಣದ ಬಕಗಳು ಒಂದೊಂದೂ ಬೇರೆ ಬೇರೆ ಕಡೆ ಮುಖ ಮಾಡಿ ನಿಂತಿದ್ದವು.

"ನೋಡು ವಿಶಾಲು, ಏನು ಪ್ಲಾನಿಂಗ್!" ಡಾಕ್ಟರು ಖುಷಿಯಿಂದ ಕೂಗಿದರು. "ಸರಿಯಾಗಿ ಬಕಗಳ ಎದುರಿಗೇ ತಂದು ಪಾರ್ಕ್ ಮಾಡಿಸಿದಾರೆ. ಮೈಸೂರಲ್ಲಿ ಪಕ್ಷಿಧಾಮಕ್ಕೆ ಹೋದ್ರೆ ದೋಣಿಯೋನು ಒಂದು ನಿಮಿಷ ನಿಲ್ಲಿಸ್ತಿರಲಿಲ್ಲ."

ಇಲ್ಲಿ ನಿಲ್ಲುವುದು ಯಾವ ಪ್ಲಾನಿನಲ್ಲೂ ಇರಲಿಲ್ಲ. ಇಂದು ಎಡಗೈ ಮಣಿಕಟ್ಟು ನೋಡಿಕೊಂಡಳು. ಸಮುದ್ರದಿಂದ ನದಿಗೆ ನುಗ್ಗುವ ಉಬ್ಬರದ ನೀರು ಪೂರ್ತಿ ಏರುವ ಹೊತ್ತನ್ನು ಬಾಲ್‌ಪೆನ್ನಿನಲ್ಲಿ ಬರೆದುಕೊಂಡಿದ್ದಳು: ಹನ್ನೊಂದು ಹತ್ತು. ಈಗ ಗಂಟೆ ಹತ್ತಕ್ಕೆ ಹತ್ತು ನಿಮಿಷ ಕಡಿಮೆ. ಇಷ್ಟು ಹೊತ್ತಿಗೆ ಇಲ್ಲಿ ಆಳು ಮುಳುಗುವಷ್ಟು ನೀರಿರಬೇಕಿತ್ತು. ದಡದ ಕಲ್ಲುಗೋಡೆಯಲ್ಲಿ ಪಾಚಿಯ ಒದ್ದೆ ಗೆರೆ ತಲೆಗಿಂತ ಎಷ್ಟೋ ಮೇಲಿತ್ತು.

ಬೆಳಿಗ್ಗೆ ಬ್ರೆಂಟ್‌ಫರ್ಡ್‌ನ ದಡದಲ್ಲಿ ದೋಣಿ ಇಳಿಸುವಾಗಲೇ ಅವಳಿಗೆ ಏನೋ ಕಸಿವಿಸಿಯಾಗಿತ್ತು. ಕಯಾಕ್ ಕ್ಲಬ್ಬಿನಲ್ಲಿ ತನಗೆ ಕಲಿಸುವ ಹೇಜಲ್ ಜೊತೆ ಬಂದಾಗಲೆಲ್ಲ ನೀರಿನಿಂದ ಮೇಲಕ್ಕೆ ಆರು ಮೆಟ್ಟಿಲು ಕಾಣುತ್ತಿದ್ದವು. ಇವತ್ತು ಹನ್ನೊಂದು ಕಂಡಿದ್ದವು. ವಿಶಾಲಾಕ್ಷಿಯವರು ಸೌತ್‌ಹಾಲ್ ಪೇಟೆಯಿಂದ ತಂದಿದ್ದ ಒಂದು ಹಳದಿ ಸೇವಂತಿಗೆಯನ್ನು ಕೈಯಲ್ಲಿ ಹಿಡಿದು, "ಹೊಳೆಗೆ ಹಾಕಬಹುದಾ?" ಎಂದು ಕೇಳಿದ್ದರು. ನದಿಗೆ ಏನನ್ನೂ ಹಾಕಬಾರದೆಂದು ಕ್ಲಬ್ಬಿನ ನಿಯಮ ಎಂದು ಇಂದು ಸಂಕೋಚದಿಂದ ಹೇಳಿದಾಗ, ಆಕೆ ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೂವನ್ನು ಕೊನೆಯ ಮೆಟ್ಟಿಲ ಮೇಲಿಟ್ಟಿದ್ದರು. ಆಗ ಇಂದು ಮೆಟ್ಟಿಲು ಎಣಿಸಿದ್ದಳು. ಎಣಿಸಿಯೂ ಕಾಗದವನ್ನೇ ನಂಬಿದ್ದಳು. ಕಾಗದವನ್ನು ಮೂರು ಸಲ ನೋಡಿದ್ದಳಲ್ಲ!

ಆ ಕಾಗದ ಈಗ ಕಣ್ಣಮುಂದೆ ಬಂತು. ಕ್ಲಬ್ಬಿನ ಶೆಡ್ಡಿನ ಗೋಡೆಗೆ ಅಂಟಿಸಿದ ಉಬ್ಬರವಿಳಿತದ ಪಟ್ಟಿ. ತಲೆಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನವೊಂದು ಗುಡುಗುತ್ತಾ ಹೋಯಿತು. ತಲೆಯೆತ್ತಿ ನೋಡಿದ ಇಂದುವಿಗೆ ತಟ್ಟನೆ ಹೊಳೆಯಿತು.

ಅವಳು ಫೆಲ್ಥಮ್‌ನಲ್ಲಿದ್ದುಕೊಂಡು ಹನ್ನೆರಡು ವರ್ಷದಿಂದ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ವಿಮಾನದ ಸಮಯದ ಮುಂದೆ 'ಝಡ್' ಎಂಬ ಅಕ್ಷರವಿದ್ದರೆ ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಬೇಕು. ಇಲ್ಲದಿದ್ದರೆ ಅದು ಇಲ್ಲಿನ ಗಡಿಯಾರದ ಸಮಯವೇ. ನಿದ್ದೆಯಲ್ಲೂ ಮರೆಯದ ಲೆಕ್ಕ ಅದು. ನದಿಯ ಪಟ್ಟಿಯಲ್ಲಿ ಝಡ್ ಇರಲಿಲ್ಲ. ಅದಕ್ಕೇ ಕೂಡಿಸಲಿಲ್ಲ. ಮಾರ್ಚಿನಲ್ಲಿ ಬೇಸಿಗೆಗೆಂದು ಈ ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹೋಗಿದ್ದವು. ಪಟ್ಟಿ ಮಾತ್ರ ವರ್ಷಪೂರ್ತಿ ಚಳಿಗಾಲದ ಗಂಟೆಯಲ್ಲೇ ಇತ್ತು. ಸಂಜೆ ತರಗತಿಯಲ್ಲಿ ಹೇಜಲ್ ಇದನ್ನು ಹೇಳಿದ್ದರು. ಇವಳು ಬರೆದುಕೊಂಡೂ ಇದ್ದಳು.

ಅಂದರೆ ನೀರು ತುಂಬುವುದು ಹನ್ನೆರಡು ಹತ್ತಕ್ಕೆ. ಒಂದು ಗಂಟೆ ಮೊದಲೇ ಇವರನ್ನು ಹೊರಡಿಸಿಕೊಂಡು ಬಂದುಬಿಟ್ಟಿದ್ದಳು.

ಇದು ಅವಳ ಮೂರನೆಯ ಪರೀಕ್ಷಾ ಪ್ರವಾಸ. ಮೊದಲೆರಡಕ್ಕೆ ಹೇಜಲ್ ಹಿಂದೆಯೇ ದೋಣಿಯಲ್ಲಿ ಬಂದಿದ್ದರು. ಮೂರನೆಯದಕ್ಕೆ ಬರುವುದಿಲ್ಲ, ಸಮಯವನ್ನೂ ನೀನೇ ಗೊತ್ತುಮಾಡು, ನಾನು ಆಮೇಲೆ ಬಂದು ಶೆಡ್ಡಿನಲ್ಲಿ ರೇಡಿಯೊ ಇಟ್ಟುಕೊಂಡು ಕೂತಿರುತ್ತೇನೆ ಎಂದಿದ್ದರು. ಇದು ಸುಸೂತ್ರವಾಗಿ ಮುಗಿದರೆ ನೀಲಿ ಪುಸ್ತಕದಲ್ಲಿ ಅವರ ಸಹಿ ಬೀಳುತ್ತದೆ, ಇಂದು ಗೈಡ್ ಆಗುತ್ತಾಳೆ. ಬಕೆಟ್ ನೀರಿಗೂ ಅಂಜುವವಳು ಎಂದು ಗಂಡ ಮಧುಸೂದನ್ ತಮಾಷೆ ಮಾಡುತ್ತಿದ್ದ ಇಂದು! ನಲವತ್ನಾಲ್ಕನೆಯ ವಯಸ್ಸಿನಲ್ಲಿ ಈಜುಕೊಳದ ಮೊದಲ ಬುಧವಾರ ಅವಳು ಅಂಚಿನ ಕಂಬಿ ಬಿಟ್ಟಿರಲಿಲ್ಲ. ಆರು ವಾರ ಹೇಜಲ್ ಅವಳ ಬೆನ್ನ ಕೆಳಗೆ ಅಂಗೈ ಇಟ್ಟುಕೊಂಡು ನೀರಿನಲ್ಲಿ ನಿಂತಿದ್ದರು. ಏಳನೆಯ ವಾರ ಆ ಅಂಗೈ ಯಾವಾಗ ಸರಿಯಿತೋ ಇವಳಿಗೆ ತಿಳಿದಿರಲಿಲ್ಲ.

ಸುಮ್ಮನಿದ್ದರೆ ಆಯಿತು. ಅರ್ಧ ಗಂಟೆಯಲ್ಲಿ ನೀರು ತಾನೇ ಬರುತ್ತದೆ. ಡಾಕ್ಟರು ಮೆಚ್ಚಿಕೊಂಡೂ ಆಗಿದೆ. ಯಾರಿಗೂ ಗೊತ್ತಾಗುವುದಿಲ್ಲ.

"ಏನಮ್ಮಾ, ಉಸಿರು ಜೋರಾಯ್ತು?" ವಿಶಾಲಾಕ್ಷಿಯವರು ಈಗಲೂ ತಿರುಗಲಿಲ್ಲ. "ಹಿಂದೆ ಕೂತ್ಕೊಂಡ್ರೂ ಕೇಳಿಸುತ್ತೆ."

ಇಂದು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. "ಅಮ್ಮಾ, ಸರ್, ಒಂದ್ ಮಾತ್ ಹೇಳಬೇಕ್ರಿ. ನಾವ್ ನಿಂತಿದ್ದು ಬಕ ನೋಡಾಕಲ್ಲ. ಸಿಕ್ಕೊಂಡೀವ್ರಿ. ಟೈಮ್ ನಾ ತಪ್ಪು ನೋಡೇನಿ. ಒಂದು ತಾಸು ಮೊದಲಽ ಕರ್ಕೊಂಡ್ ಬಂದೇನ್ರಿ."

ಡಾಕ್ಟರ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಅಂದ್ರೆ?"

"ನೀರು ಏರ್ಲಿಕ್ಕೆ ಹತ್ಯಾವ್ರಿ. ಅರ್ಧಾ ತಾಸಿನಾಗ ದೋಣಿ ತಾವಽ ಏಳ್ತಾವು. ಅಂಜೂದೇನಿಲ್ಲ."

"ಇಳಿಯೋ ನೀರಾಗಿದ್ದಿದ್ರೆ?"

ಅದೇ ಪ್ರಶ್ನೆಯನ್ನು ಇಂದು ತನ್ನೊಳಗೆ ಕೇಳಿಕೊಳ್ಳುತ್ತಿದ್ದಳು. "ಸಂಜೀತನಕ ಇಲ್ಲೇ ಇರ್ತಿದ್ವಿ ಸರ್," ಎಂದಳು.

"ಮಗು ಇದೆ ಜೊತೇಲಿ. ನಿಮ್ಮನ್ನ ನಂಬಿ ಬಂದಿದೀವಿ. ಇದನ್ನ ಹೀಗೇ ಬಿಡೋಕಾಗಲ್ಲ, ಕ್ಲಬ್ಬಿಗೆ ಬರೀಬೇಕಾಗುತ್ತೆ ನಾನು."

"ಬರೀರಿ ಸರ್. ನಾನೂ ಬರೀತೀನ್ರಿ." ಲೈಫ್ ಜಾಕೆಟಿನಲ್ಲಿದ್ದ ರೇಡಿಯೊ ತೆಗೆದು ಹೇಜಲ್‌ರನ್ನು ಕರೆದಳು. ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಒಂದು ಗಂಟೆ ಕೂಡಿಸುವುದು ಮರೆತೆ ಎಂಬುದನ್ನು ಗಾಬರಿಯಲ್ಲಿ ಎರಡು ಸಲ ಹೇಳಿದಳು.

"ಎಲ್ಲರೂ ಬೆಚ್ಚಗಿದ್ದಾರಾ?" ಹೇಜಲ್ ಕೇಳಿದರು.

"ಇದ್ದಾರೆ."

"ಹಾಗಾದರೆ ಕಾಯಿರಿ. ಯಾರೂ ಕೆಳಗೆ ಇಳಿಯಬಾರದು, ಕೆಸರು ಕಾಲು ಬಿಡುವುದಿಲ್ಲ. ಉಳಿದದ್ದು ಬಂದ ಮೇಲೆ."

ಉಳಿದದ್ದು ಏನೆಂದು ಇಂದುವಿಗೆ ಗೊತ್ತಿತ್ತು: ಇನ್ನು ಸಹಿ ಸಿಗುವುದಿಲ್ಲ. ರೇಡಿಯೊ ಒಳಗಿಟ್ಟಳು.

ಡಾಕ್ಟರು ಇನ್ನೂ ಗೊಣಗುತ್ತಿದ್ದರು. ಕೊನೆಗೆ ವಿಶಾಲಾಕ್ಷಿಯವರೇ, "ಸಾಕು ಬಿಡಿ ಅಂದ್ರೆ. ಮೂವತ್ತೈದು ವರ್ಷ ಜನಕ್ಕೆ ಅರಿವಳಿಕೆ ಕೊಟ್ರಲ್ಲ, ಎದ್ದ ಮೇಲೆ ಒಬ್ಬರಿಗಾದ್ರೂ 'ತಪ್ಪು ನಂದು' ಅಂತ ಹೇಳಿದೀರಾ?" ಎಂದರು.

ಡಾಕ್ಟರು ಹುಟ್ಟಿನ ತುದಿಯಿಂದ ಕೆಸರನ್ನು ಕೆದಕುತ್ತಾ ಕೂತರು. "ಎರಡು ಸಲ ಹೇಳಿದೀನಿ," ಎಂದರು.

"ನನಗೆ ಹೇಳಲೇ ಇಲ್ಲ!"

"ಪೇಷಂಟಿಗೆ ಹೇಳಬಹುದು ಕಣೇ. ನಿನಗೆ ಹೇಳೋಕೆ ಅದಕ್ಕಿಂತ ಭಯ."

ಧೃತಿ ಕಿಸಕ್ಕನೆ ನಕ್ಕಳು. "ತಾತ, ಆರ್ ವೀ ರಿಯಲಿ ಸ್ಟಕ್?"

"ಹೌದು ಪುಟ್ಟಾ."

"ಕೂಲ್!" ಎಂದಳು ಧೃತಿ. ಬೆಳಗಿನಿಂದ ಅವಳು ಆಡಿದ ಮೊದಲ ಸಂತೋಷದ ಮಾತು ಅದು. ಮರುಕ್ಷಣವೇ "ಶ್" ಎಂದು ಬೆರಳು ತೋರಿಸಿದಳು. ಒಂದು ಬಕ ಅವರತ್ತಲೇ ನಡೆದು ಬರುತ್ತಿತ್ತು. ದೋಣಿಗಳು ಅಲುಗಾಡದ ಕಾರಣ ಅವನ್ನೂ ದಿಮ್ಮಿಗಳೆಂದುಕೊಂಡಿತೋ ಏನೋ. ಒಂದು ಕಾಲೆತ್ತಿ, ಬೆರಳು ಮಡಿಚಿ, ತಡೆದು, ಸದ್ದಿಲ್ಲದೆ ಊರುತ್ತಿತ್ತು. ಧೃತಿಯಿಂದ ಎರಡು ಮಾರು ದೂರದಲ್ಲಿ ನಿಂತು ಕತ್ತನ್ನು ಹಿಂದಕ್ಕೆಳೆದುಕೊಂಡಿತು. ಕೊಕ್ಕು ನೀರಿಗೆ ಹೋಗಿ ಬಂದದ್ದು ಯಾರ ಕಣ್ಣಿಗೂ ಸಿಗಲಿಲ್ಲ. ಕೊಕ್ಕಿನಲ್ಲಿ ಹೊಳೆಯುವ ಮೀನೊಂದು ಒದ್ದಾಡಿದ್ದು ಮಾತ್ರ ಕಂಡಿತು. ಡಾಕ್ಟರು ಉಸಿರು ಹಿಡಿದಿದ್ದವರು ಈಗ ಬಿಟ್ಟರು. ಈ ನೀರಿನಲ್ಲಿ ಇಷ್ಟು ಹತ್ತಿರ ಬಕವನ್ನು ಇಂದುವೂ ಎಂದೂ ನೋಡಿರಲಿಲ್ಲ.

ಅದು ಹಾರಿಹೋದ ಮೇಲೆ ಡಾಕ್ಟರು ಮೆಲ್ಲಗೆ ಕೇಳಿದರು: "ನೀರು ಬರೋದು ಹೇಗೆ ಗೊತ್ತಾಗುತ್ತೆ?"

"ನಮ್ಗ ಕಾದು ರೂಢಿ ಅದ ಸರ್," ಇಂದು ನಕ್ಕುಬಿಟ್ಟಳು. "ನಮ್ಮ ಧಾರವಾಡದಾಗ ನಳಾ, ಅಂದ್ರ ನಿಮ್ಮ ನಲ್ಲಿ ನೀರು, ಎಂಟ್ ದಿನಕ್ಕೊಮ್ಮೆ ಬರ್ತಿದ್ವು. ಕೊಡ, ಬಕೀಟು, ಪಾತೇಲಿ ಎಲ್ಲಾ ಸಾಲಾಗಿ ಇಟ್ಕೊಂಡು ಕೂಡ್ತಿದ್ವಿ. ಮೊದಲ ಪೈಪಿನಾಗ ಗಾಳಿ ಸುಸ್ಸ್ ಅಂತಿತ್ತು. ಮೊದ್ಲ ಕೇಳಿದಾವ್ರು 'ನಳಾ ಬಂದ್ವು!' ಅಂತ ಓಣಿತುಂಬ ಒದರ್ಕೋತ ಓಡೋದು. ನಮ್ಮವ್ವ ಮೊದಲನೇ ತಂಬಿಗಿ ನೀರು ದೇವ್ರಿಗಿ ಇಟ್ಟು ಕೈ ಮುಗೀತಿದ್ಲು. ಇಲ್ಲಿ ನೋಡ್ರಿ, ದಿನಕ್ಕ ಎರಡು ಸಲ ಬರ್ತದ. ಯಾರೂ ಒದರೂದಽ ಇಲ್ಲ."

"ವಾಟ್ ಡು ಯು ಶೌಟ್ ಅಗೇನ್?" ಧೃತಿ ಕೇಳಿದಳು.

"ನಳಾ ಬಂದ್ವು."

ಧೃತಿ ತುಟಿಯೊಳಗೇ ಹೇಳಿ ನೋಡಿಕೊಂಡಳು. ಕೆಸರಿನ ಸಣ್ಣ ತೂತುಗಳಿಂದ ಗುಳ್ಳೆಗಳು ಏಳತೊಡಗಿದವು. ಆಚೆಗಿದ್ದ ಬಾಟಲಿಹಸಿರು ಬಣ್ಣದ ಕಲ್ಲೊಂದು ಮುಚ್ಚಿಹೋಯಿತು. ಒಣಗಿದ್ದ ಎಲೆಯೊಂದು ತಿರುಗುತ್ತಾ ದೋಣಿಗಳ ನಡುವೆ ಹಾದು ಹೊಳೆಯ ಮೇಲುಭಾಗದತ್ತ ಹೊರಟಿತು. ವಿಶಾಲಾಕ್ಷಿಯವರು ಕೈ ಇಳಿಬಿಟ್ಟು ನೀರು ಮಣಿಕಟ್ಟಿನವರೆಗೆ ಬರುವುದನ್ನೇ ನೋಡುತ್ತಿದ್ದರು.

ಹಳದಿ ಕಯಾಕ್ ಒಮ್ಮೆ ಮೆಲ್ಲಗೆ ತೂಗಿತು.

"ನಳಾ ಬಂದ್ವು!" ಧೃತಿಯ ಕೂಗಿಗೆ ನಡುಗಡ್ಡೆಯ ಗಿಳಿಗಳೆಲ್ಲ ಒಮ್ಮೆಲೇ ಹಾರಿದವು. "ಅಜ್ಜಿ, ನಳಾ ಬಂದ್ವು!"

ಅಮ್ಮನಿಲ್ಲದ ಇಷ್ಟು ದೂರದಲ್ಲಿ, ಥೇಮ್ಸ್ ನೀರಿನ ಮೇಲೆ ಆ ಮಾತು ಕೇಳಿ ಇಂದುವಿನ ಕಣ್ಣು ತುಂಬಿಬಂತು. ಹುಟ್ಟು ಹಾಕಿದಳು. ಕೆಳಗಿನ ಕಲ್ಲು ಬಿಟ್ಟುಕೊಟ್ಟಿತು.

ನಡುಗಡ್ಡೆ ಸುತ್ತಿ, ಸಯನ್ ಪಾರ್ಕಿನ, ಉಬ್ಬರಕ್ಕೆ ಮುಳುಗುವ ಹುಲ್ಲುಗಾವಲಿನ ಅಂಚಿನಲ್ಲಿ ನೀರುಕಾಗೆಗಳು ರೆಕ್ಕೆ ಒಣಗಿಸುವುದನ್ನು ನೋಡಿ, ನೀರು ತಿರುಗಿದ ಮೇಲೆ ಅದರೊಂದಿಗೇ ವಾಪಸಾದರು. ಹೇಜಲ್ ಮೆಟ್ಟಿಲ ಮೇಲುಗಡೆ ನಿಂತಿದ್ದರು, ಕಂಕುಳಲ್ಲಿ ನೀಲಿ ಪುಸ್ತಕ. ಎಲ್ಲರೂ ಇಳಿದ ಮೇಲೆ ಅದನ್ನು ತೆರೆದು ಪೆನ್ನಿನೊಂದಿಗೆ ಇಂದುವಿಗೆ ಕೊಟ್ಟು, "ಬರಿ," ಎಂದರು.

ಇಂದು ನಿಂತುಕೊಂಡೇ ಬರೆದಳು. ಏನನ್ನೂ ಬಿಡಲಿಲ್ಲ, ಹನ್ನೊಂದು ಮೆಟ್ಟಿಲು ಕಂಡೂ ಕಾಗದವನ್ನು ನಂಬಿದ್ದನ್ನೂ ಬರೆದಳು. ಡಾಕ್ಟರು ಪಕ್ಕದಲ್ಲಿ ನಿಂತು ಓದುತ್ತಿದ್ದರು. ಅವಳು ಮುಗಿಸಿದಾಗ, "ನಾನು ಬರೆಯೋಕೆ ಏನೂ ಉಳಿಸಿಲ್ಲ ನೀವು," ಎಂದು ಒದ್ದೆ ಶೂ ಬಿಚ್ಚಲು ಹೋದರು.

ಹೇಜಲ್ ಅದನ್ನು ನಿಧಾನವಾಗಿ ಓದಿದರು. "ಒಂಬತ್ತೂವರೆಗೆ ಬಂದಾಗ ನಾನೂ ಮೆಟ್ಟಿಲು ಎಣಿಸಿದೆ. ಇಳಿಯುವ ನೀರಾಗಿದ್ದರೆ ಆಗಲೇ ರೇಡಿಯೊದಲ್ಲಿ ನಿಮ್ಮನ್ನು ವಾಪಸು ಕರೆದುಬಿಡುತ್ತಿದ್ದೆ," ಎಂದರು. ಇಂದುವಿನ ಬರಹ ಮುಗಿದಲ್ಲಿಯೇ, ಅದಕ್ಕೆ ಅಂಟಿಕೊಂಡಂತೆ ಸಹಿ ಹಾಕಿ ತಾರೀಖು ಬರೆದರು. "ಶನಿವಾರ ಎಂಟು ಜನ ಬರುತ್ತಾರೆ. ಎಷ್ಟು ಹೊತ್ತಿಗೆ ಹೊರಡಬೇಕೆಂದು ನೀನೇ ಅವರಿಗೆ ತಿಳಿಸು."

ಇಂದು ಥ್ಯಾಂಕ್ಸ್ ಎನ್ನಲು ತಲೆಯೆತ್ತಿದಳು. ಹೇಜಲ್ ಆಗಲೇ ಹುಟ್ಟುಗಳನ್ನು ಬಾಚಿಕೊಂಡು ಶೆಡ್ಡಿನತ್ತ ನಡೆದಿದ್ದರು.

"ಇಂದು, ಇಲ್ಲಿ ಬಾಮ್ಮಾ," ವಿಶಾಲಾಕ್ಷಿಯವರು ಕೆಳಗಿನಿಂದ ಕರೆದರು.

ಅವಳು ಇಳಿದು ಹೋದಳು. ಈಗ ಮೂರೇ ಮೆಟ್ಟಿಲು ಒಣಗಿದ್ದವು. ನಾಲ್ಕನೆಯದರ ಅಂಚಿಗೆ, ಬೆಳಿಗ್ಗೆ ಕೊನೆಯ ಮೆಟ್ಟಿಲ ಮೇಲಿಟ್ಟಿದ್ದ ಸೇವಂತಿಗೆ, ಎಸಳು ಕೂಡ ಕೆಡದೆ, ತೇಲುತ್ತಾ ಬಂದು ತಾಗುತ್ತಿತ್ತು.